ಕಿತ್ತಳೆ ಸಿಪ್ಪೆ, ಕೊತ್ತಂಬರಿ ಮತ್ತು ಗೋಧಿಯ ಬಿಯರು

ದೀಪಾಂಜಲಿ ನಗರದಲ್ಲಿ ಮೈಸೂರು ರಸ್ತೆಯ ಬದಿಯಲ್ಲಿ ನಡೆದು ಹೋಗುವವನಿಗೆ, ವಾಹನಗಳ ಹೊಗೆಯ ನಡುವೆಯೂ, ಹಣ್ಣಿನ ರಸದ ಅಂಗಡಿಯ ಮುಂದೆ ಮೂಗು ಅರಳುವ ಕ್ಷಣವೊಂದುಂಟು. ಹಿಂಡಿದ ಮೂಸಂಬಿ, ಕಿತ್ತಳೆಗಳ ಸಿಪ್ಪೆ ಬುಟ್ಟಿಯಲ್ಲಿ ರಾಶಿ ಬಿದ್ದಿರುತ್ತದೆ. ನಾವು ರಸಕ್ಕೆ ಹಣ ತೆರುತ್ತೇವೆ. ಪರಿಮಳವೆಲ್ಲ ಕಸದ ಗಾಡಿಯ ಪಾಲು. ಈ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ಹಾಕಿ ಗೋಧಿಯ ಬಿಯರನ್ನು ಮನೆಯಲ್ಲೇ ತಯಾರಿಸುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಬಹಳವಾಗಿ ಬೆಳೆದಿದೆ. ಅದರ ವಿಧಾನಗಳು ನಮ್ಮ ತರುಣರ ಕಣ್ಣಿಗೂ ಈಗ ಬೀಳುತ್ತಿವೆ. ಆ ವಿಧಾನಗಳಲ್ಲಿ ಬಹುಮಟ್ಟಿಗೆ ಎಷ್ಟು ಗ್ರಾಂ ಎಂಬುದಿರುತ್ತದೆ, ಏಕೆ ಎಂಬುದಿರುವುದಿಲ್ಲ. ನಮ್ಮ ತಕರಾರು ಅಲ್ಲಿಯೇ.

ಸಿಪ್ಪೆ, ಸಂಬಾರಗಳ ಈ ಬಿಯರು ಬೆಲ್ಜಿಯಂ ದೇಶದ್ದು. ಹೂಗಾರ್ಡನ್ ಎಂಬ ಊರಿನಲ್ಲಿ ಅದನ್ನು ತಯಾರಿಸುತ್ತಿದ್ದ ಕೊನೆಯ ಮನೆ 1950ರ ದಶಕದಲ್ಲಿ ಬಾಗಿಲು ಹಾಕಿತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಎಂಬಾತ 1960ರ ದಶಕದ ನಡುವಿನಲ್ಲಿ ಅದನ್ನು ಮತ್ತೆ ಆರಂಭಿಸಿದ. ಸುಮಾರು ಅರ್ಧ ಪಾಲು ಮೊಳಕೆ ಬರಿಸದ ಗೋಧಿ, ಇನ್ನರ್ಧ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಜೊತೆಗೆ ಕುರಸಾವೊ ಕಿತ್ತಳೆಯ ಒಣಸಿಪ್ಪೆ ಮತ್ತು ಕೊತ್ತಂಬರಿ ಬೀಜ.

ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ 100ಕ್ಕೆ 90ಕ್ಕೂ ಮಿಕ್ಕ ಪಾಲು ಲಿಮೊನೀನ್. ಕೊತ್ತಂಬರಿ ಎಣ್ಣೆಯ ಮುಖ್ಯ ವಸ್ತು ಲಿನಲೂಲ್. ಇವುಗಳ ಕುದಿಬಿಂದು ಕ್ರಮವಾಗಿ ಸುಮಾರು 176 ಮತ್ತು 198 ಡಿಗ್ರಿ ಸೆಲ್ಸಿಯಸ್. ಹಾಗಾದರೆ 100 ಡಿಗ್ರಿಯಲ್ಲಿ ಕುದಿಯುವ ನೀರಿನಲ್ಲಿ ಇವು ಉಳಿಯಬೇಕಲ್ಲವೆ ಎಂದು ವಿದ್ಯಾರ್ಥಿ ಕೇಳಬಹುದು. ಉಳಿಯುವುದಿಲ್ಲ, ನೀರಿನ ಆವಿ ಇವನ್ನು ಹೊತ್ತುಕೊಂಡೇ ಏಳುತ್ತದೆ. ಒಂದು ಗಂಟೆ ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಪಾತ್ರೆಯಲ್ಲಿ ಕಹಿ ಮಾತ್ರ ನಿಲ್ಲುತ್ತದೆ. ಆದ್ದರಿಂದಲೇ ಇವನ್ನು ಕುದಿಯ ಕೊನೆಯ ಕೆಲವು ನಿಮಿಷಗಳಲ್ಲಿ ಹಾಕುವುದು. ಸಾರು ಇಳಿಸುವಾಗ ಕೊನೆಯಲ್ಲಿ ಒಗ್ಗರಣೆ ಹಾಕಿ ಮುಚ್ಚಳ ಮುಚ್ಚುವ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿತ್ತಳೆ ಸಿಪ್ಪೆಯ ಗೊಜ್ಜಿಗೆ ಬೆಲ್ಲ, ಹುಣಿಸೆಹುಳಿ ಏಕೆ ಬೇಕೆಂಬುದೂ ಆಕೆಗೆ ಗೊತ್ತು. ಪರಿಮಳವಿರುವುದು ಹೊರಗಿನ ಬಣ್ಣದ ಪದರದ ಎಣ್ಣೆಯ ಚೀಲಗಳಲ್ಲಿ. ಒಳಗಿನ ಬಿಳಿಯ ಪದರ ಕೊಡುವುದು ಕಹಿ.

ಕೊತ್ತಂಬರಿಯದು ಬೇರೆಯೇ ಕಥೆ. ನಮ್ಮಲ್ಲಿ ಬೆಳೆಯುವ ದಪ್ಪಕಾಳಿನ ಜಾತಿಯಲ್ಲಿ ಎಣ್ಣೆ 100ಕ್ಕೆ 0.1ರಿಂದ 0.35 ಪಾಲು, ಯುರೋಪಿನ ಸಣ್ಣಕಾಳಿನ ಜಾತಿಯಲ್ಲಿ 0.8ರಿಂದ 1.8. ಅಲ್ಲಿಯ ಪುಸ್ತಕದ 20 ಗ್ರಾಂ ಇಲ್ಲಿಯ 20 ಗ್ರಾಂ ಆಗದು. ಲೆಕ್ಕವನ್ನು ಕಡ ತರಬಹುದು, ಕಾಳನ್ನು ತರಲಾಗದು!

ಇವೆಲ್ಲಕ್ಕಿಂತ ನಮಗೆ ಸೋಜಿಗವಾಗಿ ಕಂಡಿರುವುದು ಜರ್ಮನಿಯ ಗೋಧಿ ಬಿಯರು. ಬವೇರಿಯದ 1516ರ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್ ಹೂ, ನೀರು ಇಷ್ಟನ್ನೇ ಒಪ್ಪಿತ್ತು. ಗೋಧಿಗೆ ಮುಂದೆ ವಿನಾಯಿತಿ ದೊರೆಯಿತು, ಸಂಬಾರಕ್ಕೆ ಎಡೆಯಿರಲಿಲ್ಲ. ಆದರೂ ಆ ಬಿಯರಿನಲ್ಲಿ ಲವಂಗದ ವಾಸನೆ, ಬಾಳೆಹಣ್ಣಿನ ವಾಸನೆ! ಲವಂಗ ಹಾಕಿದವರಾರು? ಯೀಸ್ಟು. ಧಾನ್ಯದ ಹೊಟ್ಟಿನಲ್ಲಿರುವ ಫೆರುಲಿಕ್ ಆಮ್ಲವನ್ನು ಅಲ್ಲಿ ಬಳಸುವ ಯೀಸ್ಟು 4-ವಿನೈಲ್ ಗ್ವಾಯಕಾಲ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಇದು ಲವಂಗದ ಯೂಜಿನಾಲಿಗೆ ರಚನೆಯಲ್ಲಿ ಹತ್ತಿರದ ನೆಂಟ. ಬಾಳೆಯ ವಾಸನೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಪುಸ್ತಕದಲ್ಲಿ ಬಾಯಿಪಾಠ ಮಾಡಿ ಮರೆಯುವ ಎಸ್ಟರು ಇದೇ. ಇಷ್ಟನ್ನು ಅರಿಯದೆ ಅಂಥ ಯೀಸ್ಟಿನ ಜೊತೆಗೆ ಲವಂಗವನ್ನೂ ಸುರಿಯುವವನು ಉಪ್ಪಿನಕಾಯಿಗೆ ಉಪ್ಪು ಸಾಲದೆಂದು ರುಚಿ ನೋಡದೆಯೇ ತೀರ್ಮಾನಿಸಿದವನಂತೆ.

ಹಾಗಾದರೆ ಮನೆಯಲ್ಲಿ ಮಾಡಿ ನೋಡೋಣವೆ? ಕೂಡದು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಲೈಸೆನ್ಸು ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರಿಗೆ ಲೈಸೆನ್ಸನ್ನು ತೆಗೆದುಹಾಕಿತು, ಅಮೆರಿಕದ ಕೇಂದ್ರ ಸರ್ಕಾರ 1978ರ ಕಾನೂನಿನಿಂದ ಅದಕ್ಕೆ ಅನುಮತಿ ಕೊಟ್ಟಿತು ಎಂಬ ವಾದ ಇಲ್ಲಿ ನಡೆಯದು. ಕಾನೂನು ಬದಲಾಗಬೇಕೆಂಬುವರು ಅದನ್ನು ಶಾಸನಸಭೆಯ ಮುಂದೆ ಹೇಳಲಿ. ಅಡುಗೆಮನೆಯ ಅಟ್ಟದ ಮೇಲೆ ಬೇಡ. ಹುದುಗು ಮುಗಿಯದ ದ್ರವವನ್ನು ಸೀಸೆಗೆ ತುಂಬಿ ಬಿರಡೆ ಬಿಗಿದರೆ ಇಂಗಾಲದ ಡೈಆಕ್ಸೈಡಿನ ಒತ್ತಡಕ್ಕೆ ಸೀಸೆ ಒಡೆದು ಚೂರುಗಳು ಸಿಡಿಯುತ್ತವೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇದು ಒಬ್ಬನ ಅಪಾಯವಾಗಿ ಉಳಿಯುವುದಿಲ್ಲ.

ಆದರೆ ನಿಷೇಧದ ಹೆಸರಿನಲ್ಲಿ ವಿಜ್ಞಾನವನ್ನೂ ಬೀಗ ಹಾಕಿ ಇಡುವುದು ನಮಗೆ ಒಪ್ಪಿಗೆಯಿಲ್ಲ. ದೀಪಾಂಜಲಿ ನಗರವನ್ನು ಹಾಯುವ ರಸ್ತೆಯೇ ಮುಂದೆ ಮೈಸೂರಿಗೆ ಹೋಗುತ್ತದೆ. ಅಲ್ಲಿ 1950ರಿಂದ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ, ಸಂಬಾರಗಳ ಮೇಲೆ ಅಲ್ಲಿ ಬಹುಕಾಲದ ಕೆಲಸ ನಡೆದಿದೆ. ನಮ್ಮ ಕಾಲೇಜುಗಳಲ್ಲಿ ಮಾತ್ರ ಹುದುಗುವಿಕೆಯ ಪಾಠ ಕರಿಹಲಗೆಯ ಒಂದು ಸಮೀಕರಣಕ್ಕೆ ಮುಗಿಯುವುದುಂಟು. ಮದ್ಯದ ಹನಿಯೂ ಇಲ್ಲದೆ ಎಷ್ಟೋ ಮಾಡಬಹುದು. ಉಪಾಧ್ಯಾಯರ ಎದುರಿನಲ್ಲಿ ಕಿತ್ತಳೆ ಸಿಪ್ಪೆಯನ್ನು ನೀರಿನೊಡನೆ ಬಟ್ಟಿ ಇಳಿಸಿದರೆ ತಣಿದ ನೀರಿನ ಮೇಲೆ ತೆಳುವಾದ ಎಣ್ಣೆಯ ಪದರ ತೇಲುತ್ತದೆ. ಕೊತ್ತಂಬರಿಯ ಎರಡು ಜಾತಿಗಳನ್ನು ಸಮತೂಕದಲ್ಲಿ ಹೀಗೆಯೇ ಇಳಿಸಿ ಹೋಲಿಸಬಹುದು. ಅಂಗಡಿಯ ಹಣ್ಣಿಗೆ ಮೇಣ ಬಳಿದಿರುವುದುಂಟಾದ್ದರಿಂದ ಸಿಪ್ಪೆಯನ್ನು ಮೊದಲು ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಇಳಿದ ಎಣ್ಣೆಯ ಒಂದು ತೊಟ್ಟನ್ನು ಥರ್ಮಕೋಲಿನ ಚೂರಿನ ಮೇಲೆ ಬಿಟ್ಟು ನೋಡಿ. ಲಿಮೊನೀನ್ ಬಿದ್ದ ಕಡೆ ಥರ್ಮಕೋಲು ಕರಗಿ ಗುಳಿ ಬೀಳುತ್ತದೆ.