ಶುಲ್ಕ ಕಟ್ಟುವಾಗ ಕೇಳದ ಗುರುತು ಚೀಟಿ, ಲಾಭ ಕೊಡುವಾಗ ಯಾಕೆ? ಪ್ರಾಪ್ ಟ್ರೇಡಿಂಗ್ ಕೆವೈಸಿ ಗೋಜಲು

ನವದೆಹಲಿ: ‘ನಿಮ್ಮ ಕೌಶಲ, ನಮ್ಮ ಬಂಡವಾಳ’ ಎಂಬ ಧಾಟಿಯ ಜಾಹೀರಾತುಗಳು ಟ್ರೇಡಿಂಗ್ ಆಸಕ್ತರ ಮೊಬೈಲ್‌ನಲ್ಲಿ ದಿನವೂ ಕಾಣುತ್ತವೆ. ಡಾಲರ್ ಲೆಕ್ಕದಲ್ಲಿ ಶುಲ್ಕ ಕಟ್ಟಿ, ಆನ್‌ಲೈನ್ ಪರೀಕ್ಷೆ ಗೆದ್ದರೆ ಕಂಪನಿಯ ‘ಫಂಡೆಡ್ ಅಕೌಂಟ್’ ಸಿಗುತ್ತದೆ, ಲಾಭದಲ್ಲಿ ಪಾಲೂ ಸಿಗುತ್ತದೆ ಎಂಬುದು ವಿದೇಶಿ ಪ್ರಾಪ್ ಟ್ರೇಡಿಂಗ್ ಕಂಪನಿಗಳ ಭರವಸೆ. ಶುಲ್ಕ ಕಟ್ಟಲು ಕಾರ್ಡ್ ನಂಬರ್ ಸಾಕು. ಆದರೆ ಪರೀಕ್ಷೆ ಗೆದ್ದವರ ಮುಂದೆ ಬೇಡಿಕೆಗಳ ಸಾಲು ಶುರುವಾಗುತ್ತದೆ: ಪಾಸ್‌ಪೋರ್ಟ್, ಸೆಲ್ಫಿ ವಿಡಿಯೊ, ವಿಳಾಸದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್.

ಅಸಲಿ ತಕರಾರು ಇರುವುದು ಇಲ್ಲೇ. ಗುರುತು ಕೇಳುವುದು ತಪ್ಪಲ್ಲ, ಕೇಳುವ ಹೊತ್ತು ಸರಿಯಿಲ್ಲ. ದಾಖಲೆ ತಿರಸ್ಕಾರವಾದರೆ ನಷ್ಟ ಶುಲ್ಕ ಕಟ್ಟಿದವರಿಗೇ.

ಗುರುಗ್ರಾಮದ ಪ್ರಾಪ್ ಟ್ರೇಡಿಂಗ್ ಸಂಸ್ಥೆಗಳ ಕತೆ ಬೇರೆ. ಅವು ತಮ್ಮದೇ ಹಣದಲ್ಲಿ ವಹಿವಾಟು ನಡೆಸಿ, ಟ್ರೇಡರ್‌ಗಳಿಗೆ ಸಂಬಳ ಕೊಡುತ್ತವೆ. ಷೇರು ಡೆರಿವೇಟಿವ್ಸ್ ಟರ್ಮಿನಲ್ ನಿರ್ವಹಿಸುವವರಿಗೆ ಎನ್‌ಐಎಸ್‌ಎಂ ಪ್ರಮಾಣಪತ್ರ ಬೇಕು. ಕಾಗದಪತ್ರ ಅಲ್ಲಿಯೂ ಕಡಿಮೆಯೇನಿಲ್ಲ, ಆದರೆ ಕೇಳುವುದಕ್ಕೆ ಎಚ್‌ಆರ್ ವಿಭಾಗವಿದೆ, ಮೇಲೆ ಸೆಬಿ ಇದೆ.

ಹೆಸರೇ ದೊಡ್ಡ ತೊಡಕು

ದೆಹಲಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ಪರಿಶೀಲನೆ ಇನ್ನೂ ಬಿಗಿ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅದೇ ಇನಿಷಿಯಲ್‌ನ ಪೂರ್ಣರೂಪ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್! ನಮ್ಮೂರಲ್ಲಿ ಊರಿನ ಹೆಸರೂ ಇನಿಷಿಯಲ್ ಆಗಬಹುದು ಎಂಬುದು ಅಕ್ಷರ ಹೊಂದಿಸುವ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ವಿಳಾಸವೂ ಹಾಗೆಯೇ. ಆಧಾರ್ ಹಾಸನದ್ದು, ಬಾಡಿಗೆ ಮನೆ ನೋಯ್ಡಾದಲ್ಲಿ, ಕಚೇರಿ ಗುರುಗ್ರಾಮದಲ್ಲಿ ಎಂದರೆ ಮೂರು ರಾಜ್ಯಗಳಾದವು.

ಭಾರತದ ನಿಯಮಗಳು ಇಂಥ ಕಡೆ ಸ್ವಲ್ಪ ಸಡಿಲವಾಗಿವೆ. ಆಧಾರ್ ವಿಳಾಸ ಬೇರೆಯಿದ್ದರೆ ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆ ಸಾಕು ಎಂದು 2019ರಲ್ಲೇ ಅಕ್ರಮ ಹಣ ವರ್ಗಾವಣೆ ತಡೆ ನಿಯಮಗಳಿಗೆ ತಿದ್ದುಪಡಿಯಾಗಿದೆ. 2024ರಲ್ಲಿ ಸೆಬಿಯೂ ಹೂಡಿಕೆದಾರರ ಕೆವೈಸಿ ಷರತ್ತುಗಳನ್ನು ಸಡಿಲಿಸಿತು. ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರಿಗೂ ಡಿಜಿಟಲ್ ಕೆವೈಸಿ ಸಾಧ್ಯವಾಗುವಂತೆ ಮಾಡಬೇಕೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಆದರೆ ಇವೆಲ್ಲ ಇಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ. ವಿದೇಶದಲ್ಲಿ ಕೂತ ಕಂಪನಿ ನಿಮ್ಮ ಇನಿಷಿಯಲ್ ಒಪ್ಪದಿದ್ದರೆ ಸೆಬಿಯ ‘ಸ್ಕೋರ್ಸ್’ನಲ್ಲಿ ದೂರು ಕೊಟ್ಟೂ ಪ್ರಯೋಜನವಿಲ್ಲ. ಆ ವ್ಯವಸ್ಥೆ ಇರುವುದು ಸೆಬಿ ವ್ಯಾಪ್ತಿಯ ಸಂಸ್ಥೆಗಳ ವಿರುದ್ಧದ ದೂರುಗಳಿಗೆ ಮಾತ್ರ.

ಕೊಟ್ಟ ದಾಖಲೆಗಳ ಗತಿ?

ಖಾಸಗಿ ಕಂಪನಿಗಳು ಆಧಾರ್‌ಗೆ ಪಟ್ಟು ಹಿಡಿಯುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತ್ತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭಾರತದಲ್ಲಿರುವವರಿಗೆ ಸೇವೆ ನೀಡುವ ವಿದೇಶಿ ಕಂಪನಿಗಳಿಗೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕಾಗದದ ಮೇಲೆ ಸರಿ, ಇಲ್ಲಿ ಕಚೇರಿಯೇ ಇಲ್ಲದವರ ಕೈಹಿಡಿದು ಕೇಳುವವರು ಯಾರು? ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡುವುದು ಲೇಸು.

ಇನ್ನೊಂದು ಅಪಾಯ ಫೆಮಾ ಕಾಯ್ದೆಯದು. ಅಧಿಕೃತರಲ್ಲದವರ ಜತೆ ವಿದೇಶಿ ವಿನಿಮಯ ವ್ಯವಹಾರ ನಡೆಸಿದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ನಾವು ಪಡೆಯುವುದು ಪರೀಕ್ಷಾ ಶುಲ್ಕವಷ್ಟೇ ಎಂಬ ಸಮಜಾಯಿಷಿ ಕಂಪನಿಯನ್ನು ಕಾಪಾಡಬಹುದು, ಗ್ರಾಹಕನನ್ನೂ ಕಾಪಾಡುತ್ತದೆ ಎನ್ನಲಾಗದು.

ಹಣ ಕಟ್ಟುವ ಮೊದಲೇ ಕೆವೈಸಿ ಯಾವಾಗ, ಯಾವ ದಾಖಲೆ ನಡೆಯುತ್ತದೆ, ಹೆಸರು ಹೊಂದದಿದ್ದರೆ ಶುಲ್ಕ ವಾಪಸ್ ಬರುತ್ತದೆಯೇ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಅದೇ ಉತ್ತರ. ಆರ್‌ಬಿಐ 2022ರಿಂದ ಪ್ರಕಟಿಸುತ್ತಿರುವ ಅನಧಿಕೃತ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನೂ ನೋಡಿ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಕಂಪನಿ ಅಧಿಕೃತ ಎಂದುಕೊಳ್ಳಬೇಡಿ ಎಂದು ಆರ್‌ಬಿಐಯೇ ಹೇಳಿದೆ.