ಮಧ್ಯಮ ನಗರ ಒಂದು ತಂಡವನ್ನು ಸಾಕಬಲ್ಲುದೇ?

ಸಂಸಾರ ನಡೆಸುವ ಮಹಿಳೆಗೆ ಯಾರೂ ಅರ್ಥಶಾಸ್ತ್ರ ಕಲಿಸಬೇಕಾಗಿಲ್ಲ. ತಿಂಗಳ ವರಮಾನ ಎಷ್ಟು, ಅದರಲ್ಲಿ ಯಾವುದನ್ನು ಸಾಕಬಹುದು, ಯಾವುದನ್ನು ಸಾಕಲಾಗದು ಎಂಬುದು ಆಕೆಗೆ ಬಾಯಿಪಾಠ. ಹಾಲು ಕೊಡುತ್ತದೆಂದು ಹಸು ಕಟ್ಟಿದರೆ ಸಾಲದು, ಹುಲ್ಲಿಗೂ ದಾರಿ ಬೇಕು. ನಗರಗಳೂ ಒಂದು ರೀತಿಯಲ್ಲಿ ದೊಡ್ಡ ಸಂಸಾರಗಳೇ. ಎರಡು ಮೂರು ಲಕ್ಷ ಜನರಿರುವ ಒಂದು ಮಧ್ಯಮ ನಗರ ವೃತ್ತಿಪರ ಆಟಗಾರರ ತಂಡವೊಂದನ್ನು ಸಾಕಬಲ್ಲುದೇ? ಈ ತಿಂಗಳು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಉದಾಹರಣೆಗೆ ಆರಿಸಿಕೊಂಡ ಆಟ ನಮ್ಮೂರಿನದಲ್ಲ. ಅದು ಉತ್ತರ ಅಮೆರಿಕಾದ ಒಳಾಂಗಣ ಲ್ಯಾಕ್ರೋಸ್.

ಹೆಸರು ಹೊಸದೆನಿಸಬಹುದು. 2023ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಮುಂಬೈಯಲ್ಲಿ ಸಭೆ ಸೇರಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟನ್ನು ಸೇರಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಅದೇ ಸಭೆಯಲ್ಲಿ ಸೇರ್ಪಡೆಯಾದ ಇನ್ನೊಂದು ಆಟ ಲ್ಯಾಕ್ರೋಸ್. ಕ್ರಿಕೆಟಿನ ಸಂಭ್ರಮದಲ್ಲಿ ಅದರತ್ತ ನಮ್ಮ ಗಮನ ಹೋಗಲಿಲ್ಲ, ಅಷ್ಟೆ.

ಇದು ಅಮೆರಿಕಾದ ಮೂಲನಿವಾಸಿಗಳ ಆಟ. ಇಂದಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಗಡಿಯಲ್ಲಿ ವಾಸಿಸುವ ಹೊಡೆನೊಶೋನಿ ಜನಾಂಗದವರು ಯುರೋಪಿಯನ್ನರು ಬರುವುದಕ್ಕೆ ಮುಂಚಿನಿಂದಲೂ ಇದನ್ನು ಆಡುತ್ತಿದ್ದರು. ಉದ್ದನೆಯ ಕೋಲಿನ ತುದಿಯಲ್ಲಿ ಚಿಕ್ಕ ಬಲೆ. ಆ ಬಲೆಯಲ್ಲಿ ಚೆಂಡನ್ನು ಹಿಡಿದು, ಓಡಿ, ಸಂಗಡಿಗನಿಗೆ ಎಸೆದು, ಕೊನೆಗೆ ಗೋಲಿಗೆ ಹೊಡೆಯಬೇಕು. ಮೂಲದಲ್ಲಿ ಬಯಲಿನ ಆಟವಾಗಿದ್ದ ಇದು 1930ರ ದಶಕದಲ್ಲಿ ಕೆನಡಾದಲ್ಲಿ ಸೂರಿನಡಿಗೆ ಬಂತು. ಕಾರಣ ಬಹಳ ಸರಳ. ಚಳಿಗಾಲದಲ್ಲಿ ಐಸ್ ಹಾಕಿ ನಡೆಯುವ ಕ್ರೀಡಾಂಗಣಗಳು ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದವು. ಖಾಲಿ ಕಟ್ಟಡಕ್ಕೆ ಕೆಲಸ ಬೇಕಿತ್ತು. ಅಂದರೆ ಈ ಒಳಾಂಗಣ ಆಟ ಹುಟ್ಟಿದ್ದೇ ಕಟ್ಟಡದ ಲೆಕ್ಕಾಚಾರದಿಂದ. ಇಂದಿಗೂ ಅದರ ಅಳಿವು ಉಳಿವು ನಿಂತಿರುವುದು ಬಹುಮಟ್ಟಿಗೆ ಆ ಲೆಕ್ಕದ ಮೇಲೆಯೇ.

ಅಮೆರಿಕಾದ ನಗರಗಳ ತಂಡಗಳು ಸೇರಿದ ವೃತ್ತಿಪರ ಲೀಗ್ 1987ರಲ್ಲಿ ನಾಲ್ಕು ತಂಡಗಳೊಂದಿಗೆ ಆಟ ಆರಂಭಿಸಿತು. ಅದೇ ಮುಂದೆ ನ್ಯಾಷನಲ್ ಲ್ಯಾಕ್ರೋಸ್ ಲೀಗ್ ಆಯಿತು. ಈ ಲೀಗ್ ಆಡುವುದು ಚಳಿಗಾಲದಲ್ಲಿ. ಹಾಕಿಯ ಮಂಜುಗಡ್ಡೆಯ ಮೇಲೆಯೇ ಹಸಿರು ಹಾಸು ಹಾಸಿ ಅಂಗಳ ಸಿದ್ಧಪಡಿಸುತ್ತಾರೆ. ಪ್ರತಿ ತಂಡದಲ್ಲೂ ಐವರು ಓಟಗಾರರು, ಒಬ್ಬ ಗೋಲ್‌ಕೀಪರ್. ಹದಿನೈದು ನಿಮಿಷಗಳ ನಾಲ್ಕು ಅವಧಿಗಳು. ಚೆಂಡು ಕೈಗೆ ಬಂದ ತಂಡ 30 ಸೆಕೆಂಡುಗಳೊಳಗೆ ಗೋಲಿಗೆ ಹೊಡೆಯಲೇಬೇಕು. ಆದ್ದರಿಂದ ನೋಡುವವರಿಗೆ ಬೇಸರವಾಗಲು ಪುರಸೊತ್ತೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ತೆಗೆದುಕೊಂಡರೂ ಆದೀತು.

ಈ ಲೀಗಿನಲ್ಲಿ ಒಂದು ತಂಡ ಸೀಸನ್‌ಗೆ 18 ಪಂದ್ಯ ಆಡುತ್ತದೆ. ಅವುಗಳಲ್ಲಿ ತನ್ನ ಊರಿನಲ್ಲಿ ಆಡುವುದು ಒಂಬತ್ತು ಮಾತ್ರ. ಪ್ರತಿ ಪಂದ್ಯಕ್ಕೆ ಸುಮಾರು ಒಂಬತ್ತು ಸಾವಿರ ಜನ ಬರಬೇಕೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಮಾರಬೇಕಾದ ಟಿಕೆಟ್‌ಗಳು 81,000. ಅದೇ ಅಮೆರಿಕಾದ ದೊಡ್ಡ ಹಾಕಿ ಲೀಗಿನ ತಂಡವೊಂದು 2024-25ರ ಸೀಸನ್‌ನಲ್ಲಿ ತನ್ನೂರಿನಲ್ಲಿ 41 ಪಂದ್ಯ ಆಡಿತು. ಹದಿನೆಂಟು ಸಾವಿರ ಆಸನ ತುಂಬಬೇಕೆಂದರೆ 7,38,000 ಟಿಕೆಟ್ ಮಾರಬೇಕು. ಕೆನಡಾದ ಸಾಸ್ಕಟೂನ್ ನಗರದ ಜನಸಂಖ್ಯೆ 2021ರ ಜನಗಣತಿಯಂತೆ ಸುಮಾರು 2,66,000. ಅಲ್ಲಿಗೆ ಹಾಕಿ ತಂಡ ಬಂದರೆ ತೊಟ್ಟಿಲ ಮಗುವೂ ಸೇರಿ ಪ್ರತಿಯೊಬ್ಬರೂ ವರ್ಷಕ್ಕೆ ಮೂರು ಸಲ ಹೋಗಬೇಕಾದೀತು. ಲ್ಯಾಕ್ರೋಸ್‌ಗಾದರೆ ಮೂವರಲ್ಲಿ ಒಬ್ಬರು ಒಂದು ಸಲ ಹೋದರೆ ಸಾಕು. ಮಧ್ಯಮ ನಗರಕ್ಕೆ ಈ ಆಟ ಎಟುಕುವಂತೆ ಕಾಣುವುದು ಇದೇ ಕಾರಣಕ್ಕೆ.

ಎಟುಕಿದ ಉದಾಹರಣೆಯೂ ಇದೆ. ಎಡ್ಮಂಟನ್ ನಗರದ ರಶ್ ಎಂಬ ತಂಡ 2015ರಲ್ಲಿ ಲೀಗಿನ ಚಾಂಪಿಯನ್ ಆಯಿತು. ಎಡ್ಮಂಟನ್ ಪ್ರದೇಶದ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಹೆಚ್ಚು. ಆದರೂ ಅಲ್ಲಿನ ಕ್ರೀಡಾಂಗಣ ಅರ್ಧವೂ ತುಂಬುತ್ತಿರಲಿಲ್ಲ. ಪ್ರಶಸ್ತಿ ಗೆದ್ದ ಅದೇ ವರ್ಷ ಮಾಲಿಕರು ತಂಡವನ್ನು ಅದರ ಕಾಲುಭಾಗದಷ್ಟೂ ಜನರಿಲ್ಲದ ಸಾಸ್ಕಟೂನ್‌ಗೆ ಸಾಗಿಸಿದರು. ಚಿಕ್ಕ ಊರಿನವರು ತಂಡವನ್ನು ಮನೆಮಗನಂತೆ ಬರಮಾಡಿಕೊಂಡರು. ಕೆಲವೇ ಕಾಲದಲ್ಲಿ ಸುಮಾರು ಹದಿನೈದು ಸಾವಿರ ಆಸನಗಳ ಕ್ರೀಡಾಂಗಣ ತುಂಬತೊಡಗಿತು. ತಂಡ 2016 ಮತ್ತು 2018ರಲ್ಲಿ ಮತ್ತೆ ಪ್ರಶಸ್ತಿ ಗೆದ್ದಿತು.

ದೊಡ್ಡ ನಗರದಲ್ಲಿ ಆಗದ್ದು ಚಿಕ್ಕ ನಗರದಲ್ಲಿ ಹೇಗಾಯಿತು? ಎಡ್ಮಂಟನ್‌ನಲ್ಲಿ ದೊಡ್ಡ ಹಾಕಿ ತಂಡವಿತ್ತು, ವೃತ್ತಿಪರ ಫುಟ್ಬಾಲ್ ತಂಡವಿತ್ತು. ಜನರ ಹಣಕ್ಕೂ ಪತ್ರಿಕೆಗಳ ಪುಟಕ್ಕೂ ಪೈಪೋಟಿಯಿತ್ತು. ಸಾಸ್ಕಟೂನ್‌ನಲ್ಲಿ ಎಳೆಯರ ಹಾಕಿ ತಂಡವೊಂದನ್ನು ಬಿಟ್ಟರೆ ಅಂಥದ್ದೇನೂ ಇರಲಿಲ್ಲ. ಆ ಪ್ರಾಂತದ ಫುಟ್ಬಾಲ್ ತಂಡ ಇರುವುದು ಸುಮಾರು 260 ಕಿಲೋಮೀಟರ್ ದೂರದ ರೆಜೈನಾದಲ್ಲಿ. ಆರು ತಿಂಗಳು ಹಿಮ ಸುರಿಯುವ ಊರಿನಲ್ಲಿ ಶನಿವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಲ್ಯಾಕ್ರೋಸ್ ಉತ್ತರವಾಯಿತು.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟರೆ ತಪ್ಪಾದೀತು. ಹೊಸ ಸೊಸೆಯ ಮೊದಲ ವರ್ಷ ನೋಡಿ ಸಂಸಾರದ ಬಗ್ಗೆ ಹೇಳಲಾಗುವುದಿಲ್ಲ! 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲೀಗ್ ನಿಂತಿತು, 2021ರ ಸೀಸನ್ ನಡೆಯಲೇ ಇಲ್ಲ. ಆಟ ಮರಳಿದ ಮೇಲೆ ಸಾಸ್ಕಟೂನ್‌ನಲ್ಲಿ ಹಿಂದಿನ ನೂಕುನುಗ್ಗಲು ಮರಳಲಿಲ್ಲ. ಒಂದು ಅಭ್ಯಾಸ ಬಿಟ್ಟುಹೋದರೆ ಅದನ್ನು ಮತ್ತೆ ಹಿಡಿಸುವುದು ಕಷ್ಟ.

ಇನ್ನು ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ಕಥೆ ಕೇಳಿ. ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷ, ಸುತ್ತಲಿನ ಪಟ್ಟಣಗಳು ಸೇರಿದರೆ ಇನ್ನೂ ಹೆಚ್ಚು. ಅಲ್ಲಿ 2000ದಲ್ಲಿ ಅಟ್ಯಾಕ್ ಎಂಬ ತಂಡ ಬಂತು. 2002ರಲ್ಲಿ ಫೈನಲ್ ತಲುಪಿ ಟೊರಾಂಟೋ ಎದುರು ಒಂದೇ ಗೋಲಿನಿಂದ ಸೋತಿತು. ಮರುವರ್ಷದ ಸೀಸನ್ ಮುಗಿಯುತ್ತಲೇ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋಯಿತು. 2021ರಲ್ಲಿ ಕನೆಕ್ಟಿಕಟ್‌ನಿಂದ ಇನ್ನೊಂದು ತಂಡ ಬಂದು ಫೈರ್‌ವುಲ್ವ್ಸ್ ಎಂಬ ಹೆಸರಿಟ್ಟುಕೊಂಡಿತು. ಅದೂ 2024ರಲ್ಲಿ ಫೈನಲ್ ತಲುಪಿ ಸೋತಿತು, ಅದೂ ಮರುವರ್ಷ ಊರು ಬಿಟ್ಟಿತು. ಎರಡು ಸಲ ತಂಡ ಬಂತು, ಎರಡು ಸಲವೂ ಅಂತಿಮ ಹಂತ ತಲುಪಿತು, ಎರಡು ಸಲವೂ ಕೈತಪ್ಪಿತು. ತಂಡದ ಅಂಗಿ ತೊಟ್ಟು ಕುಣಿದ ಮಕ್ಕಳಿಗೆ ಇದನ್ನು ಹೇಗೆ ವಿವರಿಸುವುದು ಎಂಬುದು ಅಲ್ಲಿನ ತಾಯಂದಿರ ಪಾಲಿಗೆ ಬಂದ ಪ್ರಶ್ನೆ.

ಹಾಗಾದರೆ ಗೆಲುವು ತಂಡವನ್ನು ಉಳಿಸುತ್ತದೆಯೇ? ಅದೂ ಇಲ್ಲ. ಆಲ್ಬನಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ತಂಡ ಅಲ್ಲಿಯೂ ನಿಲ್ಲದೆ 2010ರ ಸೀಸನ್‌ಗೆ ವಾಷಿಂಗ್ಟನ್ ರಾಜ್ಯದ ಎವರೆಟ್‌ಗೆ ಬಂತು. ಅದೂ ಸುಮಾರು ಒಂದು ಲಕ್ಷ ಜನರ ಊರು. ಬಂದ ವರ್ಷವೇ ಪ್ರಶಸ್ತಿ ಗೆದ್ದಿತು. 2013ರಲ್ಲಿ ಮತ್ತೆ ಫೈನಲ್ ತಲುಪಿತು. ಆದರೆ ಆ ದಿನಕ್ಕೆ ಊರಿನ ಕ್ರೀಡಾಂಗಣ ಬೇರೆ ಕಾರ್ಯಕ್ರಮಕ್ಕೆ ನಿಗದಿಯಾಗಿತ್ತು! ತನ್ನೂರಿನಲ್ಲಿ ಆಡಬೇಕಾದ ಫೈನಲ್ಲನ್ನು ತಂಡ ಗಡಿ ದಾಟಿ ಕೆನಡಾದ ಲ್ಯಾಂಗ್ಲಿಯಲ್ಲಿ ಆಡಿ ಸೋತಿತು. ಮುಂದಿನ ಸೀಸನ್‌ಗೆ ಲ್ಯಾಂಗ್ಲಿಯನ್ನೇ ಮನೆ ಮಾಡಿಕೊಂಡಿತು. ಬಾಡಿಗೆದಾರನ ಪಾಡು ಹೀಗೆಯೇ. ಮಗಳ ಮದುವೆಯ ದಿನ ಗೊತ್ತಾದ ಮೇಲೆ ಹಾಲ್ ಬೇರೆಯವರಿಗೆ ಹೋಗಿದೆಯೆಂದು ತಿಳಿದರೆ ಹೇಗಿರುತ್ತದೆಂದು ಯೋಚಿಸಿ ನೋಡಿ.

ಈ ಸೋಲುಗಳ ಪಕ್ಕದಲ್ಲಿ ಬಫಲೋ ನಗರವನ್ನಿಟ್ಟು ನೋಡಬೇಕು. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 2,78,000. ಹೆಚ್ಚುಕಡಿಮೆ ಸಾಸ್ಕಟೂನ್‌ನಷ್ಟೇ. ಅಲ್ಲಿ ದೊಡ್ಡ ಹಾಕಿ ತಂಡವಿದೆ, ದೊಡ್ಡ ಫುಟ್ಬಾಲ್ ತಂಡವಿದೆ. ಪೈಪೋಟಿಯೇ ಸಮಸ್ಯೆಯಾಗಿದ್ದರೆ ಲ್ಯಾಕ್ರೋಸ್ ಅಲ್ಲಿ ಎಂದೋ ಸಾಯಬೇಕಿತ್ತು. ಆದರೆ 1992ರಲ್ಲಿ ಆರಂಭವಾದ ಬ್ಯಾಂಡಿಟ್ಸ್ ತಂಡ ಮೂರು ದಶಕ ದಾಟಿ ನಿಂತಿದೆ. 2023, 2024 ಮತ್ತು 2025ರಲ್ಲಿ ಸತತ ಮೂರು ಬಾರಿ ಚಾಂಪಿಯನ್ ಆಯಿತು. ಲೀಗಿನಲ್ಲಿ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆಯುವ ತಂಡಗಳ ಸಾಲಿನಲ್ಲಿ ಅದು ಮುಂದಿದೆ.

ಇದರ ಗುಟ್ಟೇನು? ಮೊದಲನೆಯದಾಗಿ, ಹಾಕಿ ತಂಡದ ಮಾಲಿಕರೇ ಲ್ಯಾಕ್ರೋಸ್ ತಂಡಕ್ಕೂ ಮಾಲಿಕರು. ಟಿಕೆಟ್ ಮಾರುವವರು, ಪ್ರಚಾರ ಮಾಡುವವರು, ಲೆಕ್ಕ ಬರೆಯುವವರು ಎಲ್ಲರೂ ಹೇಗೂ ಇದ್ದಾರೆ. ದಿನಾಂಕಕ್ಕಾಗಿ ಯಾರ ಬಾಗಿಲೂ ತಟ್ಟಬೇಕಾಗಿಲ್ಲ. ಒಂದೇ ಒಲೆಯಲ್ಲಿ ಎರಡು ಅಡುಗೆ ಮಾಡಿದಂತೆ. ಎರಡನೆಯದಾಗಿ, ಆ ಸೀಮೆಯೇ ಈ ಆಟದ ತವರು. ಹೊಡೆನೊಶೋನಿಗಳ ಊರುಗಳು ಸುತ್ತಲೂ ಇವೆ, ಕೆನಡಾದ ಗಡಿ ಪಕ್ಕದಲ್ಲೇ ಇದೆ. ಮೂರನೆಯದಾಗಿ, ತಂಡ ಅಲ್ಲಿಂದ ಕದಲಲಿಲ್ಲ. ಸೋಲಿನ ವರ್ಷಗಳಲ್ಲೂ ಉಳಿಯಿತು. 2008ರ ಪ್ರಶಸ್ತಿಯ ನಂತರ ಮುಂದಿನ ಪ್ರಶಸ್ತಿಗೆ ಹದಿನೈದು ವರ್ಷ ಕಾಯಿತು. ತಂದೆಯ ಕೈಹಿಡಿದು ಹೋದ ಮಗಳು ಇಂದು ತನ್ನ ಮಗುವನ್ನು ಕರೆದೊಯ್ಯುವಷ್ಟು ಕಾಲ ಕಳೆದಿದೆ. ನಂಬಿಕೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಈ ಲೆಕ್ಕದ ಇನ್ನೊಂದು ಬದಿಯಲ್ಲಿ ಆಟಗಾರರಿದ್ದಾರೆ. ವೃತ್ತಿಪರ ಆಟಗಾರರೆಂದಾಗ ನಮ್ಮ ಕಣ್ಣಮುಂದೆ ಕೋಟಿ ಎಣಿಸುವ ಕ್ರಿಕೆಟಿಗರು ಬರುತ್ತಾರೆ. ಇಲ್ಲಿ ಹಾಗಿಲ್ಲ. ಈ ಲೀಗಿನ ಅನೇಕರು ವಾರವಿಡೀ ಶಾಲೆಯಲ್ಲಿ ಪಾಠ ಹೇಳುತ್ತಾರೆ, ಅಗ್ನಿಶಾಮಕ ದಳದಲ್ಲಿ ದುಡಿಯುತ್ತಾರೆ, ಕಟ್ಟಡ ಕೆಲಸ ಮಾಡುತ್ತಾರೆ. ವಾರಾಂತ್ಯದಲ್ಲಿ ವಿಮಾನ ಹತ್ತಿ ಪಂದ್ಯವಾಡಿ ಸೋಮವಾರ ಕೆಲಸಕ್ಕೆ ಹಾಜರಾಗುತ್ತಾರೆ. ತಂಡದ ಸಂಬಳದ ಖರ್ಚು ಕಡಿಮೆಯಾಗಿರುವುದರಿಂದಲೇ ಮಧ್ಯಮ ನಗರಕ್ಕೆ ಈ ಆಟ ಎಟುಕುತ್ತದೆ. ಹಾಗೆಂದರೆ ನಗರದ ಶನಿವಾರದ ಸಂತೋಷಕ್ಕೆ ಒಂದು ಪಾಲು ಬೆಲೆ ತೆರುವುದು ಆ ಆಟಗಾರನ ಹೆಂಡತಿ ಮಕ್ಕಳು. ಮನೆಯ ಯಜಮಾನ ವಾರಾಂತ್ಯದಲ್ಲೂ ಮನೆಯಲ್ಲಿರುವುದಿಲ್ಲ. ಲಾಭ ನಷ್ಟದ ಪುಸ್ತಕದಲ್ಲಿ ಈ ಖರ್ಚು ಎಲ್ಲಿಯೂ ಬರೆದಿರುವುದಿಲ್ಲ.

ಕುಟುಂಬ ಸಮೇತ ನೋಡುವ ಆಟವೆಂದು ಇದನ್ನು ಪ್ರಚಾರ ಮಾಡುವವರು ಇನ್ನೊಂದು ವಿಷಯದತ್ತಲೂ ಗಮನ ಕೊಡಬೇಕು. ಈ ಲೀಗಿನಲ್ಲಿ ಆಟಗಾರರು ಕೈಗೆ ಕೈ ಮಿಲಾಯಿಸುವುದುಂಟು. ಅದಕ್ಕೆ ಶಿಕ್ಷೆಯಿದೆ, ಆದರೆ ಅದನ್ನೇ ನೋಡಲು ಬರುವವರೂ ಇದ್ದಾರೆ. ಪಂದ್ಯ ನಡೆಯುತ್ತಿರುವಾಗಲೂ ಅಬ್ಬರದ ಸಂಗೀತ ನಿಲ್ಲುವುದಿಲ್ಲ. ಜಗಳ ನೋಡಲು ಬಂದವನು ಇನ್ನೊಂದು ದಿನ ಬೇರೆ ಜಗಳ ಹುಡುಕಿಕೊಂಡು ಹೋಗುತ್ತಾನೆ. ಮಕ್ಕಳೊಂದಿಗೆ ಬಂದ ತಾಯಿ ಮೆಚ್ಚಿದರೆ ಇಪ್ಪತ್ತು ವರ್ಷ ಬರುತ್ತಾಳೆ.

ಕೊನೆಯದಾಗಿ ಸಾರ್ವಜನಿಕ ಹಣದ ಪ್ರಶ್ನೆ. ಸಾಸ್ಕಟೂನ್‌ನ ಕ್ರೀಡಾಂಗಣ 1988ರಲ್ಲಿ ಕಟ್ಟಿದ್ದು, ನಗರಾಡಳಿತದ ಒಡೆತನದ್ದು. ಊರಿನ ಮಧ್ಯದಲ್ಲಿ ಹೊಸ ಕ್ರೀಡಾಂಗಣ ಮತ್ತು ಸಭಾಭವನ ಕಟ್ಟುವ ಯೋಜನೆಗೆ 2024ರಲ್ಲಿ ಮುಂದಿಟ್ಟ ಅಂದಾಜು 120 ಕೋಟಿ ಡಾಲರ್‌ಗೂ ಮೇಲೆ. ಕಟ್ಟಡ ಬೇಕೋ ಬೇಡವೋ ಎಂಬುದು ಅಲ್ಲಿನವರ ತೀರ್ಮಾನ. ಆದರೆ ಒಂದು ಮಾತು ಸ್ಪಷ್ಟ. ವರ್ಷಕ್ಕೆ ಒಂಬತ್ತು ರಾತ್ರಿ ಆಡುವ ತಂಡವನ್ನು ತೋರಿಸಿ ಅಂಥ ಕಟ್ಟಡವನ್ನು ಸಮರ್ಥಿಸಲಾಗದು. ಉಳಿದ 356 ದಿನಗಳ ಕಥೆಯೇನು ಎಂದು ತೆರಿಗೆ ಕೊಡುವವರು ಕೇಳಲೇಬೇಕು. ತಂಡ ಇನ್ನೊಂದು ಊರಿಗೆ ಹೋಗಬಹುದು, ಸಾಲ ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಮಧ್ಯಮ ನಗರ ಇಂಥ ತಂಡವನ್ನು ಸಾಕಬಲ್ಲುದೇ? ಸಾಕಬಲ್ಲುದು ಎಂದೇ ನನ್ನ ಉತ್ತರ. ಆದರೆ ಕೆಲವು ಶರತ್ತುಗಳಿವೆ. ಕಟ್ಟಡ ಮೊದಲೇ ಇರಬೇಕು, ಅದರಲ್ಲಿ ಬೇರೆ ಕಸುಬೂ ನಡೆಯುತ್ತಿರಬೇಕು. ಶನಿವಾರದ ದಿನಾಂಕಗಳು ತಂಡಕ್ಕೆ ಖಚಿತವಾಗಿ ಸಿಗಬೇಕು. ಮಾಲಿಕನಿಗೆ ಊರಿನಲ್ಲಿ ಬೇರು ಇರಬೇಕು, ಸೋಲಿನ ಮೂರು ವರ್ಷಗಳನ್ನು ತಡೆದುಕೊಳ್ಳುವ ಶಕ್ತಿಯೂ ಇರಬೇಕು. ಮಕ್ಕಳು ಶಾಲೆಯಲ್ಲಿ ಕೋಲು ಹಿಡಿದು ಆಡಿ ಬೆಳೆಯಬೇಕು. ಮುಖ್ಯವಾಗಿ, ಕ್ರೀಡಾಂಗಣ ಊರಿನ ಅಳತೆಗೆ ತಕ್ಕಷ್ಟಿರಬೇಕು. 2025ರಲ್ಲಿ ಆಲ್ಬನಿ ಬಿಟ್ಟ ತಂಡ ಆರಿಸಿಕೊಂಡದ್ದು ಕೆನಡಾದ ಆಶವಾ ನಗರವನ್ನು. ಅಲ್ಲಿನ ಜನಸಂಖ್ಯೆ 2021ರಲ್ಲಿ ಸುಮಾರು 1,75,000, ಕ್ರೀಡಾಂಗಣದಲ್ಲಿ ಆಸನಗಳು ಆರು ಸಾವಿರದ ಆಸುಪಾಸು. ಆಲ್ಬನಿಯ ಕ್ರೀಡಾಂಗಣದ ಅರ್ಧದಷ್ಟೂ ಇಲ್ಲ. ಆದರೆ ಸುತ್ತಲ ಊರುಗಳಲ್ಲಿ ಮನೆಮನೆಗೂ ಈ ಆಟ ಗೊತ್ತು. ದೊಡ್ಡ ಹಾಲ್‌ನಲ್ಲಿ ಐದು ಸಾವಿರ ಜನ ಕುಳಿತರೆ ಬಿಕೋ ಎನ್ನುತ್ತದೆ. ಚಿಕ್ಕ ಹಾಲ್‌ನಲ್ಲಿ ಅಷ್ಟೇ ಜನ ಸೇರಿದರೆ ಅದೇ ಜಾತ್ರೆ.

ಸಹೋದರಿಯರೇ, ಇಷ್ಟೆಲ್ಲ ಓದಿದ ಮೇಲೆ ಈ ಆಟ ನೋಡಬೇಕೆನಿಸದಿದ್ದರೂ ಚಿಂತೆಯಿಲ್ಲ. ನಿಮ್ಮ ಊರಿನಲ್ಲೂ ನಾಳೆ ಯಾರಾದರೂ ದೊಡ್ಡ ಕ್ರೀಡಾಂಗಣದ ನಕ್ಷೆ ಹಿಡಿದು ಬರಬಹುದು. ಊರಿಗೆ ಹೆಸರು ಬರುತ್ತದೆ ಎನ್ನಬಹುದು. ಆಗ ಮೂರೇ ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ದಿನ ಇಲ್ಲಿ ದೀಪ ಉರಿಯುತ್ತದೆ? ನಮ್ಮ ಮಕ್ಕಳಿಗೆ, ಅದರಲ್ಲೂ ಹೆಣ್ಣು ಮಕ್ಕಳಿಗೆ, ಅಲ್ಲಿ ಆಡಲು ಜಾಗವಿದೆಯೇ? ತಂಡ ಊರು ಬಿಟ್ಟು ಹೋದರೆ ಬಾಕಿ ಕಟ್ಟುವವರು ಯಾರು? ಉತ್ತರ ಸಿಕ್ಕಿದರೆ ಸಂತೋಷದಿಂದ ಒಪ್ಪಿಕೊಳ್ಳಿ. ಸಿಗದಿದ್ದರೆ, ಮನೆಯ ಲೆಕ್ಕ ಬರೆಯುವ ಕೈಗಳು ಊರಿನ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಲಿ.