ಹಗಲಿನ ಕರೆಂಟ್ ಕೇಳೋಣ: ಹುಕ್ಕೇರಿಯ ಷೇರುದಾರರಲ್ಲಿ ಮನವಿ

ಹುಕ್ಕೇರಿ ತಾಲೂಕಿನ ಬಂಧುಗಳೇ,

ನಮ್ಮ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಆರಿಸಿದ ಐದು ಸಂಘಗಳಲ್ಲಿ ನಮ್ಮದೂ ಒಂದು. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ 2011ರಲ್ಲಿ ಪರವಾನಗಿ ಕಳೆದುಕೊಂಡಿತು, ನಮ್ಮದು ಉಳಿದಿದೆ. ರಾಜ್ಯದ ಬೇರೆಡೆ ಜನ ಬರೀ ಗ್ರಾಹಕರು, ಇಲ್ಲಿ ನಾವು ಮಾಲೀಕರು. ಮಾಲೀಕರಾಗಿ ಕೇಳಬೇಕಾದ್ದನ್ನು ಕೇಳುವ ಹೊತ್ತು ಬಂದಿದೆ.

ಸಂಘ ಹಂಚುವ ವಿದ್ಯುತ್ ಹೆಸ್ಕಾಂನಿಂದ ಕೊಂಡದ್ದು. ಮಳೆ ಕೈಕೊಟ್ಟು ಜಲಾಶಯ ಬತ್ತಿದರೆ ಭಾರವೆಲ್ಲ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳ ಮೇಲೆ. 2023ರ ಬರದಲ್ಲಿ ಅದನ್ನು ಕಂಡಿದ್ದೇವೆ. ಕೊರತೆ ಬಿದ್ದಾಗ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ, ಅದೂ ಸರಿರಾತ್ರಿ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಲಿಕೆ ಹಿಡಿದು ಕಬ್ಬಿನ ನಡುವೆ ನೀರು ತಿರುವುವವನಿಗೆ ಕಾಲಬುಡದಲ್ಲಿ ಹಾವಿದ್ದರೂ ಕಾಣದು. ಒದ್ದೆ ಕೈಯಲ್ಲೇ ಸ್ಟಾರ್ಟರ್ ಡಬ್ಬಿ ಮುಟ್ಟಬೇಕು. ಅವನ ಹೆಂಡತಿ ಮಕ್ಕಳಿಗೂ ಅವನು ಬರುವ ತನಕ ನಿದ್ದೆಯಿಲ್ಲ.

ನೀರು ಹಾಯಿಸುವ ಕೆಲಸ ಹಗಲಿನದು, ಬಿಸಿಲೂ ಹಗಲಿನದೇ. ಆದ್ದರಿಂದ ಪಂಪ್‌ಸೆಟ್ಟನ್ನು ಸೌರವಿದ್ಯುತ್ತಿನಿಂದ ನಡೆಸಲು ದುಬಾರಿ ಬ್ಯಾಟರಿ ಘಟಕದ ಅಗತ್ಯವಿಲ್ಲ. ರಾತ್ರಿಯ ದೀಪಕ್ಕೆ ಗ್ರಿಡ್ ಇದ್ದೇ ಇದೆ. ಉಪಕೇಂದ್ರದ ಹತ್ತಿರವೇ ಸೌರಘಟಕ ಕಟ್ಟಿ ಕೃಷಿ ಫೀಡರಿಗೆ ಕೊಡುವುದಕ್ಕೆ ಕುಸುಮ್-ಸಿ ಯೋಜನೆಯಿದೆ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಸಾಕು. ನೀರಾವರಿ ಜಮೀನು ಮುಟ್ಟುವುದು ಬೇಡ, ಬೀಳು ನೆಲ ನೋಡೋಣ. ಪಾವಗಡದ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಆ ದಾರಿ ನಮಗೂ ಇದೆ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕಿಟ್ ಕಾರ್ಸನ್ ಎಂಬ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿದ್ದ ಸರಬರಾಜುದಾರ ಸಂಸ್ಥೆಯೊಂದಿಗೆ ಅದರ ಕರಾರು 2040ರವರೆಗಿತ್ತು. ಸ್ವಂತ ಉತ್ಪಾದನೆ ಶೇ. 5 ಮೀರುವಂತಿರಲಿಲ್ಲ. 2016ರಲ್ಲಿ ಸುಮಾರು 3.7 ಕೋಟಿ ಡಾಲರ್ ಹೊಣೆ ಹೊತ್ತು ಅದು ಕರಾರಿನಿಂದ ಹೊರಬಂತು. 2022ರ ಹೊತ್ತಿಗೆ ಬಿಸಿಲ ದಿನದ ಹಗಲಿನ ಬೇಡಿಕೆಯೆಲ್ಲ ಸೌರವಿದ್ಯುತ್ತಿನಿಂದಲೇ ಪೂರೈಸುವ ಮಟ್ಟ ಮುಟ್ಟಿತು, ಆ ಹೊಣೆಯನ್ನೂ ತೀರಿಸಿತು. ಗುಜರಾತಿನ ಧುಂಡಿ ಗ್ರಾಮದಲ್ಲಿ ಆರೇ ರೈತರು ಸೇರಿ ಸೌರ ಪಂಪಿನ ಸಹಕಾರಿ ಕಟ್ಟಿದರು. ನೀರೆತ್ತಿ ಉಳಿದ ವಿದ್ಯುತ್ತನ್ನು ಸರಬರಾಜು ಕಂಪನಿಗೇ ಮಾರಿದರು. ನಮ್ಮ ಸಂಘ ಅವರಿಗಿಂತ ಎಷ್ಟೋ ದೊಡ್ಡದು, ಅನುಭವಸ್ಥ.

ಸಂಘದ ಚುನಾವಣೆಯಲ್ಲಿ ಯಾವ ಬಣ ಎಂಬ ಚರ್ಚೆಗೆ ನಾವು ಕೊಡುವ ಹೊತ್ತು ಫೀಡರಿನ ವಿಚಾರಕ್ಕೆ ಸಿಗುತ್ತಿಲ್ಲ ಎಂಬುದು ನನ್ನ ಸಂಕಟ. ದಯವಿಟ್ಟು ಮುಂದಿನ ವಾರ್ಷಿಕ ಮಹಾಸಭೆಗೆ ಬನ್ನಿ. ಮೊದಲು ಒಂದು ಕೃಷಿ ಫೀಡರನ್ನಾದರೂ ಪೂರ್ತಿ ಸೌರವಿದ್ಯುತ್ತಿಗೆ ತರುವ ಠರಾವನ್ನು ಬರಹದಲ್ಲಿ ಮಂಡಿಸಿ, ಅದಕ್ಕೆ ದಿನಾಂಕ ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುವವರೆಗೆ ಸಭೆ ಬಿಟ್ಟು ಏಳಬೇಡಿ.